ಹಿಕ್ಕೆ ಆರಿಸುವ ಹುಡುಗಿಗೆ ಗಂಡು ನೋಡಿದ್ದು

ಮನುಷ್ಯರ ಮದುವೆಯ ಮಾತುಕತೆಯಲ್ಲಿ ಕಾಡುಪ್ರಾಣಿಗಳು ತಲೆ ಹಾಕಬಾರದು ಎಂಬ ನಿಯಮ ಎಲ್ಲಿಯೂ ಇದ್ದಂತಿಲ್ಲ. ಇದ್ದರೂ ನಮ್ಮ ಹೊಸಪೇಟೆ ಸುತ್ತಮುತ್ತಲಿನ ಪ್ರಾಣಿಗಳಿಗೆ ಅದನ್ನು ಯಾರೂ ತಿಳಿಸಿಲ್ಲ. ಸಂಡೂರಿನ ಗುಡ್ಡದಿಂದ ಕಂಪ್ಲಿಯ ಹೊಳೆಯವರೆಗೆ ಎಲ್ಲಿ ಹೋಗಿ ಚಾಪೆ ಹಾಸಿ ಕೂತರೂ ಯಾವುದೋ ಒಂದು ಪ್ರಾಣಿ ನಮಗಿಂತ ಮೊದಲೇ ಅಲ್ಲಿಗೆ ಬಂದು, ತನ್ನ ಅಭಿಪ್ರಾಯ ತಿಳಿಸಿ ಹೋಗಿರುತ್ತದೆ. ನನ್ನ ಅಕ್ಕನ ಮಗಳಿಗೆ ಗಂಡು ನೋಡಲು ಹೊರಟ ಮೇಲೆ ಇದು ನನಗೆ ಮನವರಿಕೆಯಾಯಿತು.

೧. ಹುಡುಗಿ ಏನು ಮಾಡ್ತಾಳ?

ನಾನು ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಅಕ್ಕನ ಮನೆ ಚಿತ್ತವಾಡ್ಗಿಯಲ್ಲಿ. ಭಾವ ತೀರಿಕೊಂಡ ಮೇಲೆ ಆ ಮನೆಯ ಮಟ್ಟಿಗೆ ಗಂಡು ಹಿರಿಯ ಅಂದರೆ ನಾನೇ. ಹಿರಿತನದಲ್ಲಿ ನನ್ನ ಪಾಲಿಗೆ ಬಂದದ್ದು ಮುಖ್ಯವಾಗಿ ಚಿಂತೆ.

ಅಕ್ಕನಿಗೆ ಒಬ್ಬಳೇ ಮಗಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಒಂದು ಅಧ್ಯಯನ ತಂಡದಲ್ಲಿ ಕೆಲಸಕ್ಕಿದ್ದಾಳೆ. ಈ ಸೀಮೆಯಲ್ಲಿ ಯಾವ ಯಾವ ಕಾಡುಪ್ರಾಣಿ ಎಲ್ಲೆಲ್ಲಿವೆ, ಏನು ತಿಂದು ಬದುಕಿವೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಪ್ರಾಣಿಯನ್ನೇ ಕೇಳೋಣವೆಂದರೆ ಅದು ಹೇಳುವುದಿಲ್ಲ. ಆದ್ದರಿಂದ ಗುಡ್ಡ ಹತ್ತಿ, ಅದರ ಹಿಕ್ಕೆ ಹುಡುಕಿ, ಆರಿಸಿ ತಂದು, ಒಣಗಿಸಿ, ಬಿಡಿಸಿ ನೋಡಬೇಕು. ಕೆಲವನ್ನು ತಂಪಿನಲ್ಲಿ ಇಡಬೇಕಂತೆ. ಹಾಗಾಗಿ ಅಕ್ಕನ ಮನೆಯ ಫ್ರಿಜ್ಜಿನಲ್ಲಿ ಮೇಲಿನ ಅರೆ ಹಾಲು ಮೊಸರಿಗೆ, ಕೆಳಗಿನ ಅರೆ ಚಿರತೆಗೆ ಎಂದು ಪಾಲಾಗಿತ್ತು. ಅಕ್ಕ ಮೊಸರು ತೆಗೆಯುವಾಗ ಪ್ರತಿಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇದರಿಂದ ಎರಡು ಸಲ ಮೊಸರೂ ಚೆಲ್ಲಿತ್ತು.

ಮದುವೆಯ ಮಾತು ಬಂದಾಗ ಮೊದಲ ಪ್ರಶ್ನೆ, "ಹುಡುಗಿ ಏನ್ ಮಾಡ್ತಾಳ್ರಿ?" ಇದಕ್ಕೆ ಅಕ್ಕ, "ರಿಸರ್ಚ್ ಮಾಡ್ತಾಳ್ರಿ" ಎಂದು ಗಂಭೀರವಾಗಿ ಹೇಳುವಳು. ಅಲ್ಲಿಗೆ ಬಿಟ್ಟರೆ ಸಾಕಿತ್ತು. ಆದರೆ ಕೆಲವರು "ಏನರ ಮ್ಯಾಲೆ?" ಎನ್ನುವರು. ಆಗ ಅಕ್ಕ ನನ್ನ ಮುಖ ನೋಡುವಳು. ನಾನು ಗೋಡೆ ನೋಡುವೆ.

ಕಡೆಗೆ ತಾಯಿ ಮಗಳ ನಡುವೆ ಒಂದು ಒಪ್ಪಂದವಾಯಿತು. ಮೂರು ಕಡೆ ಗಂಡು ನೋಡುವುದು. ಮೂರು ಕಡೆಯವರೂ ಈ ಕೆಲಸದ ಕಾರಣಕ್ಕೆ ಬೇಡವೆಂದರೆ, ಹುಡುಗಿ ಗುಡ್ಡ ಹತ್ತುವುದನ್ನು ಬಿಟ್ಟು ಬಳ್ಳಾರಿಯಲ್ಲಿ ಬಿ.ಎಡ್.ಗೆ ಸೇರಿ, ಮುಂದೆ ಮಕ್ಕಳಿಗೆ ಪಾಠ ಹೇಳಬೇಕು. ಅವಳು ಒಪ್ಪಿದಳು. ಆದರೆ ಅವಳದೂ ಒಂದು ಷರತ್ತು. ಗಂಡಿನ ಕಡೆಯವರಿಗೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಬಾರದು. ಈ ಷರತ್ತು ಕೇಳಿದ ದಿನವೇ ಅಕ್ಕ ಬಿ.ಪಿ. ಮಾತ್ರೆ ಶುರು ಮಾಡಿದಳು.

ಸುಳ್ಳು ಹೇಳಬಾರದೆಂದ ಮೇಲೆ ಸುದ್ದಿ ಓಣಿಗೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ಎದುರುಮನೆಯ ಅಜ್ಜಿ ಬುಟ್ಟಿ ತುಂಬ ತಂದು ಅಕ್ಕನ ಕಟ್ಟೆಯ ಮೇಲಿಟ್ಟು ಹೇಳಿದಳು: "ಪಾಪ, ಕೂಸು ಗುಡ್ಡ ಗುಡ್ಡ ತಿರಗತೈತಿ. ಬಿಸಲಾಗ ಯಾಕ ಹೋಗ್ಬೇಕವ್ವಾ? ನಮ್ಮ ಎಮ್ಮಿ ದಿನಾ ಇಷ್ಟ್ ಹಾಕತೈತಿ, ತಗಳ್ರಿ."

೨. ದೇವರು ಕುಡಿದ ಎಣ್ಣೆ

ಮೊದಲನೆಯ ಗಂಡು ಚೋರನೂರಿನ ಕಡೆಯವನು. ಒಳ್ಳೆಯ ಮನೆ. ಕೆಲಸದ ಬಗ್ಗೆ ನಾವು ನಿಜ ಹೇಳಿದಾಗ ಹುಡುಗನ ತಾಯಿ, "ಇರ್ಲಿ ಬಿಡ್ರಿ, ನಾವೂ ಹೊಲದಾಗ ಗೊಬ್ಬರ ಮುಟ್ಟೋರ ಅದೀವಿ" ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಭಯವಾಯಿತು. ನಮ್ಮ ಕಚೇರಿಯಲ್ಲಿ ಯಾವ ಕಾಗದವೂ ಇಷ್ಟು ಬೇಗ ಮುಂದೆ ಹೋಗಿಲ್ಲ.

ಊಟವಾದ ಮೇಲೆ ಊರಾಚೆಯ ಗುಡ್ಡದ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋದರು. ಆ ತಾಯಿ ಮಗನ ಮದುವೆಗಾಗಿ ದೀಪದ ಹರಕೆ ಹೊತ್ತಿದ್ದಳು. ಪ್ರತಿ ಸಂಜೆ ದೊಡ್ಡ ಹಣತೆಯ ತುಂಬ ಎಣ್ಣೆ. ಬೆಳಿಗ್ಗೆ ಬಂದು ನೋಡಿದರೆ ಹಣತೆ ತೊಳೆದಿಟ್ಟಂತೆ ಸ್ವಚ್ಛ. "ಒಂದ್ ಹನಿ ಬಿಡಂಗಿಲ್ರಿ ಸ್ವಾಮಿ. ಪೂರಾ ಸ್ವೀಕಾರ ಮಾಡ್ತಾನ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನೂ ಕೈಮುಗಿದೆ.

ನಮ್ಮ ಹುಡುಗಿ ಕೈಮುಗಿಯಲಿಲ್ಲ. ಬಾಗಿಲ ಚೌಕಟ್ಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ಅವಳು ಹಾಗೆ ಕೂತಳೆಂದರೆ ಏನೋ ಸಿಕ್ಕಿದೆ ಎಂದೇ ಅರ್ಥ. ಚೌಕಟ್ಟಿನ ಮೇಲೆ ಉದ್ದಕ್ಕೆ ಉಗುರಿನ ಗೀರುಗಳು. ಸಂದಿಯಲ್ಲಿ ಒಂದು ಗೊಂಚಲು ಕಪ್ಪು ಕೂದಲು. ಅವಳು ಅದನ್ನು ಬೆಳಕಿಗೆ ಹಿಡಿದು, ಮಗು ಎತ್ತಿಕೊಂಡಷ್ಟು ಸಂತೋಷದಿಂದ ಹೇಳಿದಳು: "ಮಾಮಾ, ಕರಡಿ!"

ಹುಡುಗನ ತಾಯಿ ನಿಧಾನವಾಗಿ ಕೇಳಿದಳು, "ಅಂದ್ರ? ನನ್ನ ಹರಕಿ ಎಣ್ಣಿ ಕರಡಿ ಕುಡಿದೈತೇನು?"

"ಕರಡಿಗೆ ಎಣ್ಣಿ ಅಂದ್ರ ಪ್ರಾಣ್ರಿ ಅತ್ತಿ" ಎಂದಳು ನಮ್ಮವಳು. ಸುಳ್ಳು ಹೇಳಬಾರದಲ್ಲ.

ಆಗ ಹುಡುಗನ ಅಜ್ಜಿ ನಮ್ಮ ಸಹಾಯಕ್ಕೆ ಬಂದಳು. "ರಾಮದೇವ್ರ ದಂಡಿನಾಗ ಕೋತಿ ಅಷ್ಟ ಇದ್ವೇನು? ಜಾಂಬವಂತ ಇರ್ಲಿಲ್ಲೇನು? ಹನುಮಪ್ಪ ತನ್ನ ಗೆಳೆಯಾಗ ಕುಡಿ ಅಂದಿರ್ತಾನ. ಅದರಾಗೇನ್ ತಪ್ಪು?" ಎಂದಳು. ತರ್ಕ ಗಟ್ಟಿಯಾಗಿತ್ತು. ಆದರೆ ಸೊಸೆ ಅತ್ತೆಯ ಮಾತು ಕೇಳಿದ ಉದಾಹರಣೆ ಆ ಮನೆಯಲ್ಲಿ ಇರಲಿಲ್ಲ. "ನಮ್ಮನಿ ದೇವರನ್ನ ಕರಡಿ ಅಂದ ಹುಡುಗಿ ನಮಗ ಬ್ಯಾಡ್ರಿ" ಎಂದು ಗುಡ್ಡ ಇಳಿಯುವ ಮೊದಲೇ ತೀರ್ಮಾನವಾಯಿತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಹಿಂದಿನಿಂದ ಪೂಜಾರಿ ನನ್ನ ತೋಳು ಹಿಡಿದು ಬದಿಗೆ ಎಳೆದು, ಸುತ್ತಲೂ ನೋಡಿ, ಪಿಸುಮಾತಿನಲ್ಲಿ ಕೇಳಿದ: "ಕೂಸಿಗೆ ಒಂದ್ ಮಾತ್ ಕೇಳ್ರಿ. ಒಳ್ಳೆಣ್ಣಿ ಭಾಳ ತುಟ್ಟಿ ಆಗೇತಿ. ಕರಡಿಗೆ ಪಾಮ್ ಆಯಿಲ್ ನಡಿತೈತೇನು?"

೩. ಸೋದರಮಾವನ ಕಾವಲು

ಮೊದಲ ಗಂಡು ತಪ್ಪಿದ ಮೇಲೆ ಅಕ್ಕ ಒಂದು ಸುಧಾರಣೆ ತಂದಳು. "ಒಬ್ಬಾಕೀನ ಗುಡ್ಡಕ್ಕ ಹೋಗ್ತಾಳೇನು ಅಂತ ಎಲ್ರೂ ಕೇಳ್ತಾರ. ಇನ್ ಮ್ಯಾಲೆ ನೀ ಹೋಗು. ಸೋದರಮಾವ ಜೋಡಿ ಇರ್ತಾನ ಅಂತ ಹೇಳಾಕ ಬರ್ತೈತಿ" ಎಂದಳು. ಕಾವಲಿಗೆ ನಾನು ಹೋದರೆ ನನ್ನ ಕಾವಲಿಗೆ ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹಿರಿಯ ನಾನು.

ಭಾನುವಾರ ಬೆಳಿಗ್ಗೆ ಹಂಪಿಯ ಹತ್ತಿರದ ಒಂದು ಬಂಡೆಗುಡ್ಡಕ್ಕೆ ಹೋದೆವು. ಅಲ್ಲಿ ಅವಳು ಒಂದು ಮರಕ್ಕೆ ಕ್ಯಾಮೆರಾ ಕಟ್ಟಿದ್ದಳು. ಎದುರಿಗೆ ಏನು ಅಲುಗಾಡಿದರೂ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಅವಳು ಅದರ ಬ್ಯಾಟರಿ ಬದಲಿಸಿ, ಬೇರೊಂದನ್ನು ನೋಡಿ ಬರಲು ಬಂಡೆಯ ಆಚೆಗೆ ಹೋದಳು. ನಾನು ಒಂದು ಚಪ್ಪಟೆ ಬಂಡೆಯ ಮೇಲೆ ಕೂತು, ಹೊಸಪೇಟೆಯಿಂದ ಕಟ್ಟಿಸಿಕೊಂಡು ಬಂದಿದ್ದ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಪೊಟ್ಟಣ ಬಿಚ್ಚಿದೆ. ಹೆದರಿಕೆಯಾದಾಗ ನನಗೆ ಹಸಿವಾಗುತ್ತದೆ. ತಿಂದೆ, ನೀರು ಕುಡಿದೆ. ಅವಳು ಬಂದಳು, ಇಳಿದು ಮನೆಗೆ ಬಂದೆವು. ಏನೂ ಆಗಲಿಲ್ಲ. ಚಿರತೆ ಗಿರತೆ ಎಲ್ಲ ಸುಮ್ಮನೆ ಹೇಳುತ್ತಾರೆ ಎಂದು ಆ ವಾರವಿಡೀ ಕಚೇರಿಯಲ್ಲಿ ಮಾತಾಡಿದೆ.

ಮುಂದಿನ ಭಾನುವಾರ ಅವಳು ಆ ಕ್ಯಾಮೆರಾದ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಮೊದಲನೆಯದರಲ್ಲಿ ನಾನು ಪೊಟ್ಟಣ ಬಿಚ್ಚುತ್ತಿದ್ದೆ. ಎರಡನೆಯದರಲ್ಲಿ ಬಾಯಿ ತೆರೆದು ಮಿರ್ಚಿ ಕಚ್ಚುತ್ತಿದ್ದೆ. ಮೂರನೆಯದರಲ್ಲಿ ಬಂಡೆ ಖಾಲಿ. ನಾಲ್ಕನೆಯದರಲ್ಲಿ ಅದೇ ಬಂಡೆಯ ಮೇಲೆ, ನಾನು ಕೂತ ಜಾಗದಲ್ಲೇ, ಒಂದು ಚಿರತೆ ಕೂತು ನನ್ನ ಪೊಟ್ಟಣದ ಕಾಗದ ಮೂಸುತ್ತಿತ್ತು. ಬಂಡೆ ಇನ್ನೂ ಬೆಚ್ಚಗಿದ್ದಿರಬೇಕು.

ನಾನು ಕುರ್ಚಿಯನ್ನು ಲ್ಯಾಪ್‌ಟಾಪಿನಿಂದ ಹಿಂದಕ್ಕೆ ಸರಿಸಿಕೊಂಡೆ. ಅವಳು ಮಾತ್ರ ಕುಣಿಯುವುದೊಂದು ಬಾಕಿ. "ಮಾಮಾ, ಭಾಳ ಉಪಕಾರ ಆತು. ಚಿರತಿ ಎಷ್ಟ್ ಎತ್ತರ ಐತಿ ಅಂತ ಅಳೀಲಿಕ್ಕೆ ಪಕ್ಕದಾಗ ಏನರ ಬೇಕಿತ್ತು. ನಿನ್ ಜೋಡಿ ಹೋಲ್ಸಿದ್ರ ಬರೋಬ್ಬರಿ ಲೆಕ್ಕ ಸಿಗತೈತಿ" ಎಂದಳು. ಇಷ್ಟು ವರ್ಷದ ಸರ್ಕಾರಿ ಸೇವೆಯಲ್ಲಿ ನಾನು ಯಾವುದಕ್ಕೂ ಅಳತೆಗೋಲು ಆಗಿರಲಿಲ್ಲ.

ಅಕ್ಕ ಕನ್ನಡಕ ಹಾಕಿಕೊಂಡು ಎಲ್ಲ ಫೋಟೋಗಳನ್ನೂ ಹಿಂದೆ ಮುಂದೆ ನೋಡಿದಳು. ತಮ್ಮನಾದ ನಾನು ಸಾವಿನಿಂದ ಪಾರಾದದ್ದಕ್ಕೆ ಏನಾದರೂ ಹೇಳುವಳೆಂದು ಕಾದೆ. ಕಡೆಗೆ ಹೇಳಿದಳು: "ಚಿರತಿ ಮಸ್ತ್ ಬಂದೈತಿ. ನೀ ಯಾಕ ಹಿಂಗ ಬಾಯಿ ತಕ್ಕೊಂಡು ಕುಂತಿ? ಗಂಡಿನ ಕಡಿಯವ್ರಿಗೆ ತೋರಿಸೋದಾದ್ರ ಚಿರತಿದೊಂದ ತೋರ್ಸವ್ವಾ, ನಿಮ್ಮ ಮಾಮಾನ್ದು ಬ್ಯಾಡ."

೪. ಮೀನು ಕದ್ದವರು

ಎರಡನೆಯ ಗಂಡು ಕಂಪ್ಲಿಯವನು. ಹೊಳೆಯಲ್ಲಿ ಮೀನು ಹಿಡಿಸುವ ಮನೆತನ. ನಾವು ಹೋಗಿ ಕೂತದ್ದೇ ತಡ, ಹುಡುಗನ ತಂದೆ ಮದುವೆಯ ಮಾತು ಬಿಟ್ಟು ತನ್ನ ತಮ್ಮನನ್ನು ಬೈಯತೊಡಗಿದ. ತಮ್ಮನ ಮನೆ ಪಕ್ಕದಲ್ಲೇ. ಅಣ್ಣ ಸಂಜೆ ಬಲೆ ಬಿಟ್ಟು ಬಂದರೆ ಬೆಳಗಾಗುವುದರೊಳಗೆ ಬಲೆ ಹರಿದು ದೊಡ್ಡ ಮೀನು ಮಾಯ. ಕದ್ದವನು ತಮ್ಮನೇ. ಮಾತು ಬಿಟ್ಟು ವರ್ಷಗಳಾಗಿವೆ, ಅಂಗಳದ ನಡುವೆ ಗೋಡೆ ಎದ್ದಿದೆ.

"ತಮ್ಮ ತಗೊಂಡಿದ್ರ ತಲಿ ಯಾಕ ಬಿಟ್ಟು ಹೋಗ್ತಾನ್ರಿ?" ಎಂದಳು ನಮ್ಮ ಹುಡುಗಿ. ಬಲೆಯಲ್ಲಿ ಮೀನಿನ ತಲೆ ಮಾತ್ರ ಉಳಿದಿರುತ್ತಿತ್ತು ಎಂದು ಅವನು ಆಗಲೇ ಹೇಳಿದ್ದ. ನಾನು ಅವಳ ಕಾಲು ತುಳಿದೆ. ಅವಳು ಕಾಲು ಸರಿಸಿಕೊಂಡು, "ಹೊಳಿ ಕಡಿ ಹೋಗೋಣು ಬರ್ರಿ" ಎಂದಳು.

ಎಲ್ಲರೂ ಹೋದೆವು. ನೀರಿನ ಅಂಚಿನ ಒಂದು ಬಂಡೆಯ ಮೇಲೆ ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಕಡ್ಡಿಯಿಂದ ಬಿಡಿಸಿ ತೋರಿಸಿದಳು. ತುಂಬ ಮೀನಿನ ಹುರುಪೆ, ಮುಳ್ಳು. "ನೀರುನಾಯಿ ಹಿಕ್ಕಿ ಇದು. ನಿಮ್ಮ ಕಳ್ಳರು ಇವ್ರು" ಎಂದಳು. ಹೇಳಿ ಬಾಯಿ ಮುಚ್ಚುವುದರೊಳಗೆ ಆಚೆ ಮಡುವಿನಲ್ಲಿ ನಾಲ್ಕಾರು ತಲೆಗಳು ಮೇಲೆದ್ದು, ನಮ್ಮನ್ನು ನೋಡಿ ಸೀಟಿ ಹಾಕಿದಂತೆ ಕೂಗಿ ಮುಳುಗಿದವು. ಒಂದರ ಬಾಯಲ್ಲಿ ಮೀನಿತ್ತು.

ಹುಡುಗನ ತಂದೆ ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿಕೊಂಡು ಸೀದಾ ತಮ್ಮನ ಮನೆಗೆ ನಡೆದ. ಒಳಗಿನಿಂದ ಇಬ್ಬರೂ ಗಂಡಸರು ಅಳುವ ಸದ್ದು ಬಂತು. ತಮ್ಮನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಗೋಡೆ ಸುತ್ತಿ, ಅಣ್ಣನ ಮನೆಯ ನಡುಮನೆಗೆ ಬಂದು ಕೂತು ಚಹಾ ಕೇಳಿದಳು. ಅಕ್ಕನ ಮುಖ ಅರಳಿತು. ಒಡೆದ ಮನೆ ಒಂದು ಮಾಡಿದ ಹುಡುಗಿ. ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕೇ? ನಾನು ಕೂಡ ಮೊದಲ ಸಲ ಬೆನ್ನು ಗೋಡೆಗೆ ಆನಿಸಿ ಕೂತೆ.

ಮೂರನೆಯ ದಿನ ಹುಡುಗನ ತಾಯಿಯೇ ಅಕ್ಕನಿಗೆ ಫೋನ್ ಮಾಡಿದಳು. "ಹುಡುಗಿ ಶಾಣೇಕಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಮಗ ಬ್ಯಾಡ್ರಿ ಯಕ್ಕಾ. ಆ ನೆಗೆಣ್ಣಿ, ನಮ್ಮ ಮೈದುನನ ಹೆಂಡ್ತಿ, ಮಾತು ಬಿಟ್ಟಾಗಿಂದ ನಾ ಎಷ್ಟ್ ಆರಾಮಿದ್ದೆ ಅಂತ ನಿಮಗೇನ್ ಗೊತ್ತು! ಮೂರು ದಿನದಿಂದ ಮುಂಜಾನಿ ಬಂದು ಕುಂತರ ಸಂಜಿಗೆ ಏಳ್ತಾಳ. ನಿಮ್ಮ ಹುಡುಗಿ ಒಂದ್ ದಿನ ಬಂದು ಹಿಂಗ ಮಾಡ್ಯಾಳ, ಕಾಯಂ ಬಂದ್ರ ಇನ್ನ ಯಾರ್ ಯಾರ್ನ ಕೂಡಿಸ್ತಾಳೋ!"

೫. ಒಪ್ಪುವೀಳ್ಯ

ಉಳಿದದ್ದು ಒಂದೇ ಗಂಡು. ಅಕ್ಕ ಬಳ್ಳಾರಿಯಲ್ಲಿ ಬಿ.ಎಡ್. ಸೀಟು ವಿಚಾರಿಸಿಯೂ ಬಂದಿದ್ದಳು.

ಈ ಸಲ ಅವರೇ ಹುಡುಗಿ ನೋಡಲು ಚಿತ್ತವಾಡ್ಗಿಗೆ ಬಂದರು. ಹುಡುಗ ಸಂಡೂರಿನ ಒಂದು ಗಣಿಯಲ್ಲಿ ಸರ್ವೇಯರ್. ತಂದೆ ರಿಟೈರಾದ ಮೇಷ್ಟ್ರು. ತಾಯಿ ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಹುಡುಗ ಮಾತ್ರ ಮೊಬೈಲ್ ತೆಗೆದು, ಗಣಿಯ ರಸ್ತೆಯಲ್ಲಿ ಉಂಡೆಯಾಗಿ ಬಿದ್ದಿದ್ದ ಒಂದು ಚಿಪ್ಪುಹಂದಿಯ ಫೋಟೋ ನಮ್ಮ ಹುಡುಗಿಗೆ ತೋರಿಸಿದ. "ಟಿಪ್ಪರ್ ನಿಲ್ಲಿಸಿ, ಅದು ದಾಟಿ ಹೋಗೋ ಮಟ ಕಾದ್ವಿ. ಮ್ಯಾನೇಜರ್ ಭಾಳ ಬೈದ್ರು" ಎಂದ. ನಮ್ಮ ಹುಡುಗಿ ಆ ಫೋಟೋವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವನನ್ನು ನೋಡಿದಳು. ನನಗೆ ಚಿಂತೆ ಇಮ್ಮಡಿಸಿತು. ಬೇಡದ ಗಂಡು ತಪ್ಪಿದರೆ ತಡೆದುಕೊಳ್ಳಬಹುದು.

ಊಟ ಮುಗಿಯಿತು. ಅಕ್ಕ ಕೆಲಸದ ವಿಷಯ ಎತ್ತಿದಳು. ಮೇಷ್ಟ್ರು ನಕ್ಕು, "ಅದನ್ನ ಮದಿವಿ ಆದ ಮ್ಯಾಲೆ ಮಾತಾಡೋಣು ಬಿಡ್ರಿ" ಎಂದರು. ಮದುವೆಯ ಮಾತುಕತೆಯಲ್ಲಿ ಈ ವಾಕ್ಯಕ್ಕೆ ಒಂದೇ ಅರ್ಥ: ಬಿಡಿಸುತ್ತೇವೆ. ಅಕ್ಕ ಅದು ತಿಳಿದೂ ತಿಳಿಯದಂತೆ ಇದ್ದಳು. ಹುಡುಗಿ ತಲೆ ತಗ್ಗಿಸಿ ಒಳಗೆ ಹೋದಳು. ಹುಡುಗ ತಂದೆಯ ಮುಖ ನೋಡಿ ಮೊಬೈಲ್ ಜೇಬಿಗಿಟ್ಟ.

ಮೇಷ್ಟ್ರಿಗೆ ಎಲೆ ಅಡಿಕೆ ಬೇಕಾಯಿತು. ಅಕ್ಕನ ಮನೆಯಲ್ಲಿ ಯಾರೂ ಎಲೆ ಹಾಕುವವರಿಲ್ಲ. ಎಲೆ, ಅಡಿಕೆ ತಂದಿದ್ದೆವು. ಸುಣ್ಣ ಅಕ್ಕ ತಂದಿರುತ್ತಾಳೆ ಎಂದು ನಾನು, ನಾನು ತಂದಿರುತ್ತೇನೆ ಎಂದು ಅವಳು, ಇಬ್ಬರೂ ತಂದಿರಲಿಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಬೆಳ್ಳಗೆ ಪುಡಿಯಾಗಿದ್ದದ್ದು ಕಾಣಿಸಿತು. ತಮ್ಮ ಜಾಣ, ತಂದಿಟ್ಟಿದ್ದಾನೆ ಅಂದುಕೊಂಡಳು ಅಕ್ಕ. ಒಣಗಿದೆ ಎಂದು ಎರಡು ಹನಿ ನೀರು ಹಾಕಿ ಕಲಸಿ, ತಟ್ಟೆಯಲ್ಲಿಟ್ಟು ತಂದಳು.

ಮೇಷ್ಟ್ರು ಎಲೆಗೆ ಸವರಿ, ಮಡಚಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. "ಆಹಾ! ಸುಣ್ಣ ಎಲ್ಲೀದ್ರಿ ಇದು? ಬಾಯಿ ಸುಡಂಗಿಲ್ಲ. ಭಾಳ ಹದಾ ಐತಿ" ಎಂದು ಇನ್ನೊಂದು ಎಲೆ ತೆಗೆದುಕೊಂಡರು. ಅವರ ಹೆಂಡತಿ ತಿರುಗಿ ಅವರನ್ನೇ ನೋಡಿದರು. "ಇದು ಒಪ್ಪುವೀಳ್ಯ" ಎಂದರು ಮೇಷ್ಟ್ರು, ಎಲೆ ಎತ್ತಿ ಹಿಡಿದು. "ನಮ್ಮ ಮನೆತನದಾಗ ಒಂದ್ ಪದ್ಧತಿ ಐತ್ರಿ. ಒಪ್ಪಿದ ಎಲಿ ಬಾಯಾಗ ಹಾಕ್ಕೊಂಡ ಮ್ಯಾಲೆ ಉಗುಳಂಗಿಲ್ಲ. ಎಲಿ ಉಗುಳಿದ್ರ ಮಾತ್ ಉಗುಳಿದಂಗ." ಹಾಗೆಂದು ಬಾಯಿಗಿಟ್ಟರು. ಅಕ್ಕ ದೇವರ ಕೋಣೆಯ ಕಡೆ ಕೈ ಮುಗಿದಳು.

ಅಷ್ಟರಲ್ಲಿ ಹುಡುಗಿ ಏನೋ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡವಳಂತೆ ಹೊರಗೆ ಬಂದಳು. ಬಂದವಳು ತಟ್ಟೆ ನೋಡಿದಳು. ಡಬ್ಬಿ ನೋಡಿದಳು. ಮೇಷ್ಟ್ರ ಕೆನ್ನೆ ನೋಡಿದಳು. ಅವಳ ಮುಖದ ಬಣ್ಣ ಡಬ್ಬಿಯೊಳಗಿನ ಬಿಳುಪಿಗೆ ತಿರುಗಿತು. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಕಣ್ಣಲ್ಲೇ ಬೇಡಿಕೊಂಡೆ: ಸುಮ್ಮನಿರು ತಾಯಿ, ಇವತ್ತೊಂದು ದಿನ.

"ಅಪ್ಪಾರ, ಅದು ಸುಣ್ಣ ಅಲ್ರಿ" ಎಂದಳು.

ಮೇಷ್ಟ್ರ ದವಡೆ ನಿಂತಿತು. "ಮತ್ತ?" ಎಂದರು ಎಲೆಯ ಸಂದಿಯಿಂದ.

"ಕತ್ತೆಕಿರುಬ ಅಂತ ಒಂದ್ ಪ್ರಾಣಿ ಐತಲ್ರಿ. ಅದು ಎಲುಬು ಕಡಿದು ತಿಂತೈತಿ. ಅದಕ್ಕ ಅದರ ಹಿಕ್ಕಿ ಒಣಗಿದ್ರ ಸುಣ್ಣದಂಗ ಬೆಳ್ಳಗ ಆಗತೈತಿ. ಒಣಗಾಕ ಇಟ್ಟಿದ್ದೆ. ಅವ್ವಗ ಗೊತ್ತಿರ್ಲಿಲ್ರಿ."

ಅಕ್ಕ ಕಂಬ ಹಿಡಿದುಕೊಂಡಳು. ಮೇಷ್ಟ್ರ ಕೆನ್ನೆ ಒಂದು ಬದಿಗೆ ಉಬ್ಬಿತ್ತು. ಅಂಗಳ ಎರಡು ಮಾರು ದೂರದಲ್ಲಿತ್ತು. ಉಗುಳಿದರೆ ಮನೆತನದ ಮಾತು ಹೋಗುತ್ತದೆ; ನುಂಗಿದರೆ ಏನು ಒಳಗೆ ಹೋಗುತ್ತದೆ ಎಂಬುದು ಈಗ ಎಲ್ಲರಿಗೂ ತಿಳಿದಿತ್ತು. ಅವರು ಒಮ್ಮೆ ಅಂಗಳ ನೋಡಿದರು. ಒಮ್ಮೆ ಮಗನನ್ನು ನೋಡಿದರು. ಮಗ ಕೈಮುಗಿಯುವುದೊಂದು ಬಾಕಿ.

"ಎಲುಬು ಅಂದ್ರ..." ಎಂದರು ಕಡೆಗೆ, ತರಗತಿಯಲ್ಲಿ ಕೇಳುವಂತೆ, "ಕ್ಯಾಲ್ಸಿಯಂ ಅಲ್ಲೇನವಾ?"

"ಹೌದ್ರಿ. ಭಾಳಷ್ಟು ಕ್ಯಾಲ್ಸಿಯಮ್ಮ."

"ಸುಣ್ಣನೂ ಅದ ಅಲ್ಲೇನು?"

"ಹಂಗ ನೋಡಿದ್ರ ಹೌದ್ರಿ."

ಮೇಷ್ಟ್ರು ಕಣ್ಣು ಮುಚ್ಚಿದರು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು. "ಮಾತ್ ಅಂದ್ರ ಮಾತು" ಎಂದರು. ಆಮೇಲೆ ಒಂದು ತಂಬಿಗೆ ನೀರು ಕೇಳಿ ಪೂರ್ತಿ ಕುಡಿದರು.

ಮದುವೆ ಗಟ್ಟಿಯಾಯಿತು ಎಂದು ಸಂತೋಷಪಡಬೇಕೋ, ಆಸ್ಪತ್ರೆಗೆ ಆಟೋ ಕರೆಯಬೇಕೋ ನನಗೆ ತಿಳಿಯಲಿಲ್ಲ. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಗಂಡು ಉಳಿಯಿತು, ಆದರೆ ಇನ್ನು ಈ ಕೆಲಸವನ್ನು ಆ ಮನೆಯಲ್ಲಿ ಯಾರು ಉಳಿಸುತ್ತಾರೆ?

ಆಗ ಹುಡುಗನ ತಾಯಿ ಎದ್ದರು. ಬಂದಾಗಿನಿಂದ ಮಾತಾಡದವರು. ತಟ್ಟೆಯಿಂದ ಆ ಡಬ್ಬಿ ಎತ್ತಿ, ಮುಚ್ಚಳ ಹಾಕಿ, ಸೆರಗಿನಿಂದ ಒರೆಸಿ ನಮ್ಮ ಹುಡುಗಿಯ ಕೈಗೆ ಕೊಟ್ಟರು.

"ನಾ ಮದಿವಿ ಆಗಿ ಬಂದಾಗಿಂದ ಈ ಮನಷ್ಯಾಗ ಎಲಿ ಮಡಚಿ ಕೊಡ್ತೀನಿ. ಒಂದ್ ದಿನರ ಸುಣ್ಣ ಛಲೋ ಐತಿ ಅಂದಿಲ್ಲವ್ವಾ. ಇವತ್ತ ಅಂದ್ರು" ಎಂದರು. "ಮದಿವಿ ಆದ ಮ್ಯಾಲೂ ನೀ ಈ ಕೆಲಸ ಬಿಡಬ್ಯಾಡ."